ಎಂಟಕ್ಕೆ ಬಂದು ಐದಕ್ಕೆ ಹೊರಡುವ ಊರು

ಕ್ರೂಸ್ ಹಡಗಿನಲ್ಲಿ ಹೊರಟವರಿಗೆ ಊರು ಹುಡುಕಿಕೊಂಡು ಹೋಗುವ ಕಷ್ಟವಿಲ್ಲ. ರಾತ್ರಿ ಮಲಗಿ ಬೆಳಗ್ಗೆ ಪರದೆ ಸರಿಸಿದರೆ ಊರೇ ಕಿಟಕಿಯ ಪಕ್ಕ ಬಂದು ನಿಂತಿರುತ್ತದೆ. ಎಂಟಕ್ಕೆ ಬರುತ್ತದೆ, ಐದಕ್ಕೆ ಹೊರಟುಬಿಡುತ್ತದೆ, ಥೇಟ್ ಆಫೀಸಿಗೆ ಹೋಗುವವರ ಹಾಗೆ. ಮಧ್ಯೆ ಸಿಗುವುದು ಒಂಬತ್ತು ಗಂಟೆ. ಅದರಲ್ಲಿ ಇಳಿಯುವ ಸಾಲಿಗೆ ಒಂದಿಷ್ಟು, ಹತ್ತುವ ಸಾಲಿಗೆ ಒಂದಿಷ್ಟು ಕಳೆಯಿರಿ. ಹೊರಡುವುದಕ್ಕೆ ಅರ್ಧ ಗಂಟೆ ಮೊದಲೇ ಎಲ್ಲರೂ ಒಳಗಿರಬೇಕು ಅನ್ನುವುದು ಸಾಮಾನ್ಯವಾದ ಲೆಕ್ಕ, ಕೆಲವು ಕಡೆ ಇನ್ನೂ ಮೊದಲು. ಉಳಿದ ಆರೇಳು ಗಂಟೆಯಲ್ಲಿ ಎರಡು ಸಾವಿರ ವರ್ಷದ ಇತಿಹಾಸ ನೋಡಿ, ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಒಂದು ಟೋಪಿಯನ್ನೂ ಕೊಂಡು ಬರಬೇಕು.

ತಮಾಷೆ ಏನು ಗೊತ್ತಾ? ಊರು ನಮ್ಮ ಕೈಗೆ ಸಿಗುವ ಈ ಹೊತ್ತೇ ಕ್ಯಾಮೆರಾಗೆ ಎಲ್ಲಕ್ಕಿಂತ ಕೆಟ್ಟ ಹೊತ್ತು. ಸೂರ್ಯ ನೆತ್ತಿಯ ಮೇಲಿರುತ್ತಾನೆ. ಮುಖದ ಮೇಲೆ ಮೂಗಿನ ನೆರಳು, ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗುಳಿ, ಹಿಂದೆ ಬಿಳಚಿಕೊಂಡ ಆಕಾಶ. ಒಳ್ಳೆಯ ಬೆಳಕು ಇರುವುದು ಸೂರ್ಯ ಹುಟ್ಟಿದ ಮೇಲಿನ ಒಂದು ಗಂಟೆ ಮತ್ತು ಮುಳುಗುವ ಮೊದಲಿನ ಒಂದು ಗಂಟೆ. ಆ ಎರಡೂ ಹೊತ್ತಿನಲ್ಲಿ ನಾವು ಹಡಗಿನಲ್ಲೇ ಇರುತ್ತೇವೆ. ಬೆಳಗ್ಗೆ ಹಾಸಿಗೆಯಲ್ಲಿ, ಸಂಜೆ ಊಟದ ಸಾಲಿನಲ್ಲಿ. ಹಾಗಾಗಿ ನನ್ನ ಸಲಹೆ ಸ್ವಲ್ಪ ವಿಚಿತ್ರ ಅನ್ನಿಸಬಹುದು: ಊರಿನ ಫೋಟೊವನ್ನು ಹಡಗಿನಿಂದ ತೆಗೆಯಿರಿ, ಊರಿಗೆ ಇಳಿದ ಮೇಲೆ ಸುಮ್ನೆ ಊರು ನೋಡಿ.

ಇದಕ್ಕೆ ಬೇಕಾಗಿರುವುದು ಬೇಗ ಏಳುವ ಅಭ್ಯಾಸ ಒಂದೇ. ಮಾಂಟೆನೆಗ್ರೋದ ಕೊಟೋರ್‌ಗೆ ಹೋಗುವ ಹಡಗು ಬೆಟ್ಟಗಳ ನಡುವಿನ ಕೊಲ್ಲಿಯಲ್ಲಿ ನಿಧಾನಕ್ಕೆ ಸಾಗುತ್ತದೆ. ಎರಡೂ ಕಡೆ ಕಲ್ಲಿನ ಮನೆಗಳು, ಪೆರಾಸ್ತ್ ಊರಿನ ಎದುರು ನೀರಿನ ನಡುವೆ ಪುಟ್ಟ ದ್ವೀಪದ ಮೇಲೆ ಒಂದು ಚರ್ಚು. ಕೊಟೋರ್ ಕೋಟೆಯ ಒಳಗಿನ ಯಾವ ಗಲ್ಲಿಯಲ್ಲೂ ಅಂಥ ನೋಟ ಸಿಗುವುದಿಲ್ಲ. ಸಿಡ್ನಿಯ ಸರ್ಕ್ಯುಲರ್ ಕೀ ನಿಲ್ದಾಣದಲ್ಲಿ ನಿಂತ ಹಡಗಿನ ಎದುರಿಗೇ ಆಪೆರಾ ಹೌಸ್ ಇದೆ. ಬೆಟ್ಟಗಳ ನಡುವೆ ಸಮುದ್ರ ಒಳಕ್ಕೆ ಚಾಚಿಕೊಂಡಿರುವ ನಾರ್ವೆಯ ಗೈರಾಂಗರ್ ಫ್ಯೋರ್ಡ್‌ನಲ್ಲಂತೂ ಏಳು ಜಲಪಾತಗಳು ಸಾಲಾಗಿ ಧುಮುಕುವುದನ್ನು ನೋಡಲು ನೀರಿನ ಮೇಲೆಯೇ ಇರಬೇಕು. ಅಲಾಸ್ಕದ ಗ್ಲೇಸಿಯರ್ ಬೇಯಲ್ಲಿ ಹಡಗು ಕಟ್ಟುವ ಬಂದರೇ ಇಲ್ಲ, ಪಾರ್ಕಿನ ರೇಂಜರ್‌ಗಳೇ ಹಡಗು ಹತ್ತಿ ವಿವರಣೆ ಕೊಡುತ್ತಾರೆ. ಇಂಥ ಕಡೆ ನೋಡುವುದು ಎಡಕ್ಕೋ ಬಲಕ್ಕೋ ಎಂದು ಹಿಂದಿನ ದಿನವೇ ಸಿಬ್ಬಂದಿಯನ್ನು ಕೇಳಿಟ್ಟುಕೊಳ್ಳಿ. ಜಾಗ ಸಿಕ್ಕಿದರೆ ಮೇಲಿನ ಡೆಕ್‌ಗಿಂತ ಕೆಳಗಿನ ಡೆಕ್ ವಾಸಿ. ಮೇಲೆ ಬಣ್ಣದ ಗಾಜಿನ ತಡೆ ಇರುತ್ತದೆ, ಅದರ ಮೇಲೆ ಉಪ್ಪು ಕೂತಿರುತ್ತದೆ, ಅದರ ಮುಂದೆ ಜನ ಕೂತಿರುತ್ತಾರೆ.

ಇನ್ನು ಡೆಕ್ ಮೇಲೆ ಕ್ಯಾಮೆರಾ ಪಡುವ ಪಾಡು. ಎ.ಸಿ. ಕ್ಯಾಬಿನ್ನಿನಿಂದ ಬಿಸಿ ಗಾಳಿಗೆ ತಂದ ತಕ್ಷಣ ಲೆನ್ಸ್ ಮಂಜಾಗುತ್ತದೆ. ತಣ್ಣಗಿರುವ ಗಾಜಿನ ಮೇಲೆ ಗಾಳಿಯ ತೇವ ಕೂರುವುದರಿಂದ ಹೀಗಾಗುತ್ತದೆ. ಒರೆಸಿದರೆ ಪ್ರಯೋಜನವಿಲ್ಲ, ಮತ್ತೆ ಕೂರುತ್ತದೆ. ಕ್ಯಾಮೆರಾವನ್ನು ಮುಚ್ಚಿದ ಚೀಲದಲ್ಲೇ ಅರ್ಧ ಗಂಟೆ ಮೊದಲು ಹೊರಗಿಟ್ಟರೆ ಚೀಲದ ಸಮೇತ ನಿಧಾನಕ್ಕೆ ಬೆಚ್ಚಗಾಗುತ್ತದೆ. ಸಮುದ್ರದ ಉಪ್ಪು ಲೆನ್ಸಿನ ಮೇಲೆ ಕೂತರೆ ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಹರಳುಗಳು ಗೀರುತ್ತವೆ. ಮೊದಲು ಗಾಳಿ ಊದಿ, ಆಮೇಲೆ ಸ್ವಲ್ಪ ತೇವ ಮಾಡಿದ ಲೆನ್ಸ್ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಟ್ರೈಪಾಡ್ ಹೊತ್ತು ತರುವವರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತದೆ. ಇಂಜಿನ್ನಿನ ನಡುಕ ಡೆಕ್‌ನಿಂದ ಟ್ರೈಪಾಡಿನ ಕಾಲು ಹಿಡಿದು ಹತ್ತಿ ಕ್ಯಾಮೆರಾಗೇ ಬರುತ್ತದೆ. ಮಂಡಿ ಸ್ವಲ್ಪ ಬಗ್ಗಿಸಿ ಕೈಯಲ್ಲೇ ಹಿಡಿದುಕೊಂಡರೆ ನಮ್ಮ ಮೈ ಅದನ್ನು ನುಂಗಿಕೊಳ್ಳುತ್ತದೆ. ಶಟರ್ ವೇಗ ಜಾಸ್ತಿ ಇಟ್ಟರೆ ಮುಗಿಯಿತು. ಹಿಮದ ಎದುರು ಇನ್ನೊಂದು ತೊಂದರೆ. ಎದುರಿಗಿರುವುದೆಲ್ಲ ಬೂದು ಬಣ್ಣ ಎಂದು ನಂಬಿ ಬೆಳಕನ್ನು ಅಳೆಯುವುದು ಕ್ಯಾಮೆರಾದ ಸ್ವಭಾವ. ಅದಕ್ಕೇ ಬಿಳಿ ಹಿಮ ಫೋಟೊದಲ್ಲಿ ಕೊಳೆಯಾದಂತೆ ಕಾಣುತ್ತದೆ. ಎಕ್ಸ್‌ಪೋಷರನ್ನು, ಅಂದರೆ ಕ್ಯಾಮೆರಾ ಹಿಡಿಯುವ ಬೆಳಕನ್ನು, ಒಂದು ಮೆಟ್ಟಿಲಿನಷ್ಟು ಏರಿಸಿ. ಫೋನಿನಲ್ಲಾದರೆ ಪರದೆ ಮುಟ್ಟಿ ಬೆರಳನ್ನು ಮೇಲಕ್ಕೆ ಎಳೆದರೆ ಸಾಕು. ಫೋನಿಗೆ ಒಂದು ದಾರ ಕಟ್ಟಿ ಮಣಿಕಟ್ಟಿಗೆ ಹಾಕಿಕೊಳ್ಳುವುದನ್ನೂ ಮರೆಯಬೇಡಿ. ಕಂಬಿಯಾಚೆಗೆ ಜಾರಿದ ಫೋನಿಗೆ ಸಮುದ್ರ ರಸೀದಿ ಕೊಡುವುದಿಲ್ಲ.

ಊರಿಗೆ ಬರೋಣ. ಅಲ್ಲ, ಊರಿಗೆ ಬರುವುದೇ ದೊಡ್ಡ ವಿಷಯ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ಗಾದೆ ಇದೆಯಲ್ಲ, ಇಲ್ಲಿ ಅದು ತಿರುಗುಮುರುಗು. ನೀರಿಗೆ ಬಂದವರೆಲ್ಲ ಊರಿಗೆ ಬಂದಿದ್ದಾರೆ ಎಂದು ಹೇಳುವ ಹಾಗಿಲ್ಲ. ಕ್ರೂಸ್ ಕಂಪನಿಗಳ ಪಟ್ಟಿಯಲ್ಲಿ ರೋಮ್ ಎಂದು ಬರೆದಿರುತ್ತದೆ. ಹಡಗು ನಿಲ್ಲುವುದು ಚಿವಿತಾವೆಕ್ಕಿಯಾದಲ್ಲಿ, ರೋಮ್ ಅಲ್ಲಿಂದ ಸುಮಾರು 80 ಕಿ.ಮೀ. ಫ್ಲಾರೆನ್ಸ್ ಎಂದರೆ ಲಿವೋರ್ನೋ, ಅಲ್ಲಿಂದ ಸುಮಾರು 90 ಕಿ.ಮೀ. ಪ್ಯಾರಿಸ್ ಎಂದು ಬರೆದ ಕಡೆ ಇಳಿದರೆ ಲ ಹಾವ್ರ್, ಅಲ್ಲಿಂದ ಪ್ಯಾರಿಸ್ ಸುಮಾರು 200 ಕಿ.ಮೀ. ಬರ್ಲಿನ್ ಅನ್ನುವವರು ಇಳಿಸುವುದು ವಾರ್ನೆಮುಂಡೆಯಲ್ಲಿ, ಅದು ಇನ್ನೂ ದೂರ. ವೆನಿಸ್‌ನ ಕಥೆ ಬೇರೆ. 25,000 ಟನ್ನಿಗಿಂತ ದೊಡ್ಡ ಹಡಗುಗಳು ಸಂತ ಮಾರ್ಕ್ ಚೌಕದ ಮುಂದೆ ಹಾದುಹೋಗುವ ಹಾಗಿಲ್ಲ ಎಂದು ಇಟಲಿ 2021ರ ಆಗಸ್ಟ್‌ನಿಂದ ನಿಯಮ ಮಾಡಿದೆ. ಹಾಗಾಗಿ ಎಷ್ಟೋ ಹಡಗುಗಳು ಟ್ರಿಯೆಸ್ಟೆ, ರಾವೆನ್ನಾದಂಥ ಬಂದರುಗಳಿಗೆ ಹೋಗುತ್ತವೆ. ಅವೆರಡೂ ವೆನಿಸ್‌ನಿಂದ 100 ಕಿ.ಮೀ.ಗೂ ಆಚೆ. ಟಿಕೆಟ್ ಕೊಳ್ಳುವ ಮೊದಲು ಊರಿನ ಹೆಸರು ನೋಡಬೇಡಿ, ಬಂದರಿನ ಹೆಸರು ನೋಡಿ. ಹೋಗಿ ಬರುವುದಕ್ಕೇ ಆರು ಗಂಟೆ ಬೇಕು ಎಂದಾದರೆ ಆ ಮಹಾನಗರವನ್ನು ಇನ್ನೊಂದು ರಜೆಗೆ ಬಿಟ್ಟು, ಬಂದರಿನ ಊರನ್ನೇ ಸುತ್ತಿ. ಲಿವೋರ್ನೋದಲ್ಲಿ ಇಳಿದವರು ಬಸ್ಸು ಹತ್ತಿ ಓಡಿಬಿಡುವುದರಿಂದ ಅಲ್ಲಿನ ಕಾಲುವೆಗಳ ದಂಡೆಯಲ್ಲಿ ಆರಾಮಾಗಿ ನಡೆಯಬಹುದು.

ಹಡಗು ದಡಕ್ಕೆ ತಾಗದ ಊರುಗಳೂ ಇವೆ. ಗ್ರೀಸಿನ ಸ್ಯಾಂಟೊರಿನಿಯಲ್ಲಿ ಹಡಗು ನಡುನೀರಿನಲ್ಲೇ ನಿಲ್ಲುತ್ತದೆ. ಟೆಂಡರ್ ಎನ್ನುವ ಸಣ್ಣ ದೋಣಿ ನಮ್ಮನ್ನು ದಡಕ್ಕೆ ಒಯ್ಯುತ್ತದೆ. ದಡದಿಂದ ಫಿರಾ ಊರಿಗೆ ಕೇಬಲ್ ಕಾರು, ಇಲ್ಲವೇ ಸುಮಾರು 600 ಮೆಟ್ಟಿಲು. ಅದೇ ಮೆಟ್ಟಿಲಲ್ಲಿ ಕತ್ತೆಗಳೂ ಓಡಾಡುವುದರಿಂದ ಕಣ್ಣು ಕೆಳಗೇ ಇರಬೇಕು, ಸಮುದ್ರ ನೋಡುವ ಹಾಗಿಲ್ಲ. ಒಂದೇ ದಿನ ನಾಲ್ಕೈದು ಹಡಗು ಬಂದರೆ ಮಧ್ಯಾಹ್ನದ ನಂತರ ಕೇಬಲ್ ಕಾರಿಗೆ ಕೆಳಗೆ ಇಳಿಯುವ ಸಾಲು ಬೀದಿಗೆ ಬಂದುಬಿಡುತ್ತದೆ. ದೊಡ್ಡ ಹಡಗು ಎಂದರೆ ಎಷ್ಟು ದೊಡ್ಡದು? 2024ರಲ್ಲಿ ಓಡಾಟ ಶುರು ಮಾಡಿದ ಐಕಾನ್ ಆಫ್ ದಿ ಸೀಸ್ ತುಂಬಿದರೆ 7,600 ಪ್ರಯಾಣಿಕರು. ಒಂದು ಸಣ್ಣ ಪಟ್ಟಣವೇ ಇನ್ನೊಂದು ಸಣ್ಣ ಪಟ್ಟಣದ ಮೇಲೆ ಇಳಿದ ಹಾಗೆ ಅಲ್ವಾ? ಆ ದಿನ ನಿಮ್ಮ ಬಂದರಿಗೆ ಇನ್ಯಾವ ಹಡಗುಗಳು ಬರುತ್ತವೆ ಎಂದು ಮೊದಲೇ ತಿಳಿದುಕೊಳ್ಳಬಹುದು. ಬಹಳಷ್ಟು ಬಂದರುಗಳು ವೇಳಾಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಇಡುತ್ತವೆ.

ಸುತ್ತುವ ಕ್ರಮಕ್ಕೆ ನಾನು ನಂಬಿರುವ ಸೂತ್ರ ಒಂದೇ. ದೂರದ್ದು ಮೊದಲು, ಹತ್ತಿರದ್ದು ಆಮೇಲೆ. ಬೆಳಗ್ಗೆ ಬಂದರಿನ ಅಂಗಡಿಗಳಲ್ಲಿ ಅಡ್ಡಾಡಿ ಮಧ್ಯಾಹ್ನ ದೂರದ ಬೆಟ್ಟಕ್ಕೆ ಟ್ಯಾಕ್ಸಿ ಹಿಡಿಯುವವರೇ ಕೊನೆಗೆ ಬಂದರಿನ ಕಟ್ಟೆಯ ಮೇಲೆ ಓಡುವುದು. ಅವರನ್ನು ನೋಡಲು ಡೆಕ್ ಮೇಲೆ ಜನ ಸೇರುತ್ತಾರೆ, ಕೇಕೆ ಹಾಕುತ್ತಾರೆ, ವಿಡಿಯೊ ಮಾಡುತ್ತಾರೆ. ಇಡೀ ಪ್ರವಾಸದಲ್ಲಿ ನಾವು ಚೆನ್ನಾಗಿ ಬಂದಿರುವ ವಿಡಿಯೊ ಅದೇ ಆಗಬಾರದಲ್ಲ! ಹಡಗಿನವರೇ ಏರ್ಪಡಿಸಿದ ಸುತ್ತಾಟಕ್ಕೆ ಹೋದ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ಕಳಿಸುವ ಹೊಣೆ ಹೊರುತ್ತದೆ. ನಾವೇ ಹಿಡಿದ ಟ್ಯಾಕ್ಸಿ ತಡವಾದರೆ ಕಾಯುವುದಿಲ್ಲ. ಬಂದರಿನಲ್ಲಿ ನಿಂತಿದ್ದಕ್ಕೆ ಹಡಗು ಬಾಡಿಗೆ ಕಟ್ಟಬೇಕು, ಅದರ ಸಿಟ್ಟು ನ್ಯಾಯವಾದದ್ದೇ. ಅದಕ್ಕೇ ನಾನು ಹೇಳುವುದು: 80 ಕಿ.ಮೀ. ದೂರಕ್ಕೆ ಹೋಗುವುದಾದರೆ ಹಡಗಿನ ಬಸ್ಸು, ನಡೆದು ನೋಡುವ ಊರಾದರೆ ನಿಮ್ಮ ಕಾಲು.

ಗಡಿಯಾರದ ವಿಷಯದಲ್ಲಿ ಬುದ್ಧಿವಂತರೇ ಜಾಸ್ತಿ ಮೋಸ ಹೋಗುತ್ತಾರೆ. ಹಡಗಿಗೆ ಅದರದೇ ಒಂದು ಸಮಯ ಇರುತ್ತದೆ, ಊರಿಗೆ ಇನ್ನೊಂದು. ಮೆಕ್ಸಿಕೋದ ಕೊಜುಮೆಲ್ ದ್ವೀಪ ಇರುವ ರಾಜ್ಯ 2015ರಿಂದ ವರ್ಷವಿಡೀ ಒಂದೇ ಸಮಯ ಇಟ್ಟುಕೊಂಡಿದೆ, ಬೇಸಿಗೆಯಲ್ಲಿ ಗಡಿಯಾರ ಮುಂದಕ್ಕೆ ತಿರುಗಿಸುವುದಿಲ್ಲ. ಫ್ಲೋರಿಡಾದಿಂದ ಬೇಸಿಗೆಯಲ್ಲಿ ಬಂದ ಹಡಗು ಫ್ಲೋರಿಡಾದ ಸಮಯವನ್ನೇ ಇಟ್ಟುಕೊಂಡಿದ್ದರೆ ಹಡಗಿನಲ್ಲಿ ನಾಲ್ಕೂವರೆ ಆದಾಗ ದಡದಲ್ಲಿ ಮೂರೂವರೆ. ಜಾಣ ಫೋನು ದಡದ ಟವರಿನ ಮಾತು ಕೇಳಿ ತಾನಾಗಿಯೇ ಮೂರೂವರೆ ತೋರಿಸುತ್ತದೆ. ಅದನ್ನು ನಂಬಿದವರು ಇನ್ನೊಂದು ಸುತ್ತು ಅಂಗಡಿ ನೋಡುತ್ತಾರೆ. ಮುಳ್ಳಿರುವ ದಡ್ಡ ಕೈಗಡಿಯಾರವೇ ಇಲ್ಲಿ ನಿಜವಾದ ನೆಂಟ. ಅದಕ್ಕೆ ಹಡಗಿನ ಸಮಯ ಹೇಳಿಕೊಟ್ಟರೆ ಯಾವ ಟವರಿನ ಮಾತಿಗೂ ಬಗ್ಗುವುದಿಲ್ಲ. ಕ್ಯಾಮೆರಾದ ಗಡಿಯಾರವನ್ನೂ ಅದಕ್ಕೇ ಹೊಂದಿಸಿಡಿ. ಮನೆಯಲ್ಲಿ ಮೂವರ ಹತ್ತಿರ ಮೂರು ಕ್ಯಾಮೆರಾ, ಮೂರು ಸಮಯ ಇದ್ದರೆ ಎಲ್ಲವನ್ನೂ ಒಂದೆಡೆ ಸೇರಿಸಿದ ದಿನ ಮಧ್ಯಾಹ್ನದ ಊಟ ಬೆಳಗಿನ ತಿಂಡಿಗಿಂತ ಮೊದಲು ಬಂದು ಕೂರುತ್ತದೆ.

ಚೆಂದದ ಫೋಟೊಗಳ ಬಗ್ಗೆ ಎಲ್ಲರೂ ಹೇಳುತ್ತಾರೆ. ಉಪಯೋಗದ ಫೋಟೊಗಳ ಬಗ್ಗೆ ಹೇಳುವವರು ಕಡಿಮೆ. ಇಳಿಯುವ ಮೊದಲು ಹಡಗಿನವರು ಕೊಡುವ ಆ ದಿನದ ಕಾರ್ಯಕ್ರಮದ ಹಾಳೆಯ ಒಂದು ಫೋಟೊ ತೆಗೆದುಕೊಳ್ಳಿ. ಹತ್ತುವ ಸಮಯ, ಬಂದರಿನಲ್ಲಿ ಹಡಗಿನ ಪರವಾಗಿ ಕೆಲಸ ನೋಡಿಕೊಳ್ಳುವ ಪೋರ್ಟ್ ಏಜೆಂಟ್‌ನ ಫೋನ್ ನಂಬರ್ ಸಾಮಾನ್ಯವಾಗಿ ಅದರಲ್ಲೇ ಇರುತ್ತವೆ. ಹಡಗು ತಪ್ಪಿದರೆ ಮೊದಲು ಹುಡುಕಬೇಕಾದ ಮನುಷ್ಯ ಆ ಏಜೆಂಟ್. ಪಾಸ್‌ಪೋರ್ಟಿನ ಪುಟ, ಕೊನೆಯ ಟೆಂಡರಿನ ಸಮಯ ಬರೆದ ಫಲಕ, ಬಂದರಿನ ಗೇಟು, ಹತ್ತಿದ ಟ್ಯಾಕ್ಸಿಯ ನಂಬರ್, ಇವೂ ಇರಲಿ. ಯಾರೂ ಮೆಚ್ಚದ ಇವೇ ನಿಮ್ಮನ್ನು ವಾಪಸ್ ಹಡಗಿಗೆ ಕರೆತರುವ ಫೋಟೊಗಳು. ವಲಸೆ ತಪಾಸಣೆಯ ಜಾಗದಲ್ಲಿ ಮಾತ್ರ ಕ್ಯಾಮೆರಾ ಒಳಗಿರಲಿ. ಡ್ರೋನ್ ತರುವ ಆಸೆ ಇದ್ದರೆ ಮೊದಲೇ ಕೇಳಿ, ಹಲವು ಹಡಗುಗಳಲ್ಲಿ ಅದನ್ನು ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ.

ನಡುಮಧ್ಯಾಹ್ನ ಊರಿನಲ್ಲಿ ಫೋಟೊ ತೆಗೆಯಲೇಬೇಕು ಅನ್ನಿಸಿದರೆ ನೆರಳಿಗೆ ಹೋಗಿ. ಕಮಾನಿನ ಕೆಳಗೆ, ಕಿರಿದಾದ ಗಲ್ಲಿಯಲ್ಲಿ, ಮಾರುಕಟ್ಟೆಯ ಚಪ್ಪರದಡಿ ಬೆಳಕು ಮೆತ್ತಗಿರುತ್ತದೆ. ಜನರನ್ನು ತೆಗೆಯುವಾಗ ಕೇಳಿ ತೆಗೆಯಿರಿ. ಭಾಷೆ ಬರದಿದ್ದರೆ ಕ್ಯಾಮೆರಾ ತೋರಿಸಿ ಹುಬ್ಬು ಏರಿಸಿದರೆ ಎಲ್ಲ ದೇಶದಲ್ಲೂ ಅರ್ಥವಾಗುತ್ತದೆ. ವ್ಯಾಟಿಕನ್‌ನ ಸಿಸ್ಟೀನ್ ಚಾಪೆಲ್ ಒಳಗೆ ಫೋಟೊ ತೆಗೆಯುವಂತೆಯೇ ಇಲ್ಲ. ಎಲ್ಲರೂ ಕತ್ತು ಎತ್ತಿ ಚಾವಣಿ ನೋಡುತ್ತಾ ನಿಂತಿರುತ್ತಾರೆ. ಅಲ್ಲಿಂದ ಬಂದವರಿಗೆ ಚಾವಣಿಯೂ ನೆನಪಿರುತ್ತದೆ, ಕತ್ತು ನೋವೂ ನೆನಪಿರುತ್ತದೆ.

ನೆನಪು ಅಂದಾಗ ಒಂದು ಅಧ್ಯಯನದ ಮಾತು ಹೇಳಬೇಕು. ಅಮೆರಿಕದ ಫೇರ್‌ಫೀಲ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ಕೆಲವರನ್ನು ಮ್ಯೂಸಿಯಂಗೆ ಕರೆದುಕೊಂಡು ಹೋಗಿ, ಕೆಲವು ವಸ್ತುಗಳನ್ನು ಸುಮ್ನೆ ನೋಡಲು, ಕೆಲವನ್ನು ಫೋಟೊ ತೆಗೆಯಲು ಹೇಳಿದರು. ಮರುದಿನ ಕೇಳಿದಾಗ ಫೋಟೊ ತೆಗೆದ ವಸ್ತುಗಳೇ ಕಡಿಮೆ ನೆನಪಿದ್ದವು. 2014ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಇದೆ, ಅದನ್ನು ಯಾರೂ ಅಷ್ಟು ಹೇಳುವುದಿಲ್ಲ. ವಸ್ತುವಿನ ಒಂದು ಭಾಗವನ್ನು ಮಾತ್ರ ಹತ್ತಿರಕ್ಕೆ ಎಳೆದು ತೆಗೆದವರ ನೆನಪು ಹಾಗೆ ಕಳೆದುಹೋಗಲಿಲ್ಲ. ಹಾಗಿದ್ದರೆ ಇಡೀ ಚರ್ಚನ್ನು ಒಂದೇ ಚೌಕಟ್ಟಿಗೆ ತುರುಕುವ ಬದಲು ಅದರ ಬಾಗಿಲಿನ ಚಿಲಕ ತೆಗೆದರೆ ನಷ್ಟವೇನು? ಇಡೀ ಚರ್ಚಿನ ಫೋಟೊ ನಿಮಗಿಂತ ಚೆನ್ನಾಗಿ ತೆಗೆದವರು ಸಾವಿರ ಜನ ಇದ್ದಾರೆ. ಚಿಲಕದ ಹತ್ತಿರ ಯಾರೂ ಸಾಲು ನಿಂತಿರುವುದಿಲ್ಲ.

ಬಂದರಿಲ್ಲದ ದಿನ, ಸುತ್ತ ಬರೀ ನೀರು ಇರುವ ದಿನ, ಬೇಡದ ಫೋಟೊ ಅಳಿಸುವುದಕ್ಕೆ ಒಳ್ಳೆಯದು. ಮನೆಗೆ ಬಂದ ಮೇಲೆ ಮಾಡೋಣ ಅಂದವರು ಯಾರೂ ಮಾಡಿದ್ದನ್ನು ಕಾಣೆ. ಹಡಗಿನ ಇಂಟರ್ನೆಟ್ ನಂಬಿ ಎಲ್ಲವನ್ನೂ ಅಪ್‌ಲೋಡ್ ಮಾಡುತ್ತೇನೆ ಅನ್ನಬೇಡಿ, ಒಂದು ಚಿಕ್ಕ ಡ್ರೈವ್‌ಗೆ ಪ್ರತಿ ಸಂಜೆ ನಕಲು ಮಾಡಿಟ್ಟುಕೊಳ್ಳಿ. ಆಮೇಲೆ ಡೆಕ್ ಮೇಲಿನ ಕುರ್ಚಿಯಲ್ಲಿ ಕೂತು ಒಂದೇ ಸೂರ್ಯಾಸ್ತದ ಹತ್ತಾರು ಫೋಟೊಗಳಲ್ಲಿ ಒಂದನ್ನು ಉಳಿಸಿ ಮಿಕ್ಕಿದ್ದನ್ನು ತೆಗೆದುಹಾಕಿ. ಗುಂಪಿನ ಫೋಟೊಗಳಲ್ಲಿ ಯಾವುದು ಇರಲಿ ಎಂದು ಮಾತ್ರ ಮನೆಯವರನ್ನು ಕೇಳಲು ಹೋಗಬೇಡಿ. ಪ್ರತಿಯೊಬ್ಬರೂ ತಮ್ಮ ಕಣ್ಣು ತೆರೆದಿರುವ ಫೋಟೊವನ್ನೇ ಆರಿಸುತ್ತಾರೆ. ಎಲ್ಲರ ಕಣ್ಣೂ ಒಟ್ಟಿಗೆ ತೆರೆದಿರುವ ಫೋಟೊ ಒಂದಿರುತ್ತದೆ, ಅದರಲ್ಲಿ ಹಡಗು ಓರೆಯಾಗಿರುತ್ತದೆ.