ಪಲ್ಸ್: ನಾಡಿ ಬೇರೆ, ಬ್ಯಾಳಿ ಬೇರೆ
ನಾಡಿಯ ಪಲ್ಸ್‌ನಿಂದಲೇ ಬೇಳೆಕಾಳಿಗೆ ಇಂಗ್ಲಿಷ್‌ನಲ್ಲಿ ಪಲ್ಸಸ್ ಎಂಬ ಹೆಸರು ಬಂತು ಎಂದು ಒಂದು ಲೇಖನದಲ್ಲಿ ಬರೆದಿದ್ದಾರೆ. ಅದು ಸರಿಯಲ್ಲ. ಎರಡೂ ಲ್ಯಾಟಿನ್‌ನಿಂದ ಬಂದವೇ, ಆದರೆ ಮೂಲ ಪದ ಬೇರೆ. ನಾಡಿಯದ್ದು ಬಡಿತ ಎಂಬರ್ಥದ ಪುಲ್ಸುಸ್. ಕಾಳಿನದ್ದು ಗಂಜಿಗೆ ಹೇಳುತ್ತಿದ್ದ ಪುಲ್ಸ್.

ತೊಗರಿ ಬೆಳೆಯುವ ನಮ್ಮ ಕಲಬುರಗಿಯವರಿಗೆ ಕಾಳಿನ ಅರ್ಥ ಪಕ್ಕಾ ಗೊತ್ತಿರಬೇಕು. ಒಣಗಿದ ಮೇಲೆ ರಾಶಿ ಮಾಡಿದ ತೊಗರಿ, ಕಡಲೆ, ಹೆಸರು, ಉದ್ದು ಇವು ಪಲ್ಸಸ್. ಅದೇ ಗಿಡದ ಹಸಿ ತೊಗರಿಕಾಯಿ ಹರಿದು ಮಾರಿದರೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ಲೆಕ್ಕದಲ್ಲಿ ಅದು ತರಕಾರಿ. ಸೋಯಾ, ಶೇಂಗಾ ದ್ವಿದಳವಾದರೂ ಎಣ್ಣೆಕಾಳು. ಹಾಗಾಗಿ ಬೀದರ್ ಕಡೆಯ ಸೋಯಾ ರೈತರು ಇಂಗ್ಲಿಷ್ ಅರ್ಜಿಯಲ್ಲಿ ಪಲ್ಸಸ್ ಎಂಬಲ್ಲಿ ಟಿಕ್ ಹಾಕಬಾರದು. ದಾಲ್ ಎಂದರೆ ಮಿಲ್ಲಿನಲ್ಲಿ ಸಿಪ್ಪೆ ತೆಗೆದು ಒಡೆದದ್ದು. ಇಡೀ ತೊಗರಿಗೆ ಹಾಗೆ ಬರೆದರೆ ಬಿಲ್ಲಿನಲ್ಲಿ ಮಾಲೇ ಬೇರೆಯಾಗುತ್ತದೆ.

ಇನ್ನು ನಾಡಿ. ಹೆಬ್ಬೆರಳಿನಲ್ಲಿ ನೋಡಬೇಡಿ, ಅದರದ್ದೇ ಬಡಿತ ಕೈಗೆ ಸಿಗುತ್ತದೆ. ಮಣಿಕಟ್ಟಿನ ಮೇಲೆ ತೋರುಬೆರಳು, ನಡುಬೆರಳು ಇಟ್ಟು 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ಬಡಿತ ಏರುಪೇರಾಗಿದ್ದರೆ ಪೂರ್ತಿ 60 ಸೆಕೆಂಡ್ ಎಣಿಸಲೇಬೇಕು. ವಿಶ್ರಾಂತಿಯಲ್ಲಿರುವ ದೊಡ್ಡವರಿಗೆ 60ರಿಂದ 100 ಸಹಜ.

ಪಲ್ಸ್ ಪೋಲಿಯೊ ಕೂಡ ಬಡಿತದ ಬಳಗದ್ದೇ: ಒಂದೇ ದಿನ ಐದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಹನಿ, ಬಿಡುವು ಕೊಟ್ಟು ಮತ್ತೊಂದು ಸುತ್ತು.