ಕಾನೂನು ಬಿಟ್ಟರೂ ಕೌಂಟರ್ ಬಿಡಲಿಲ್ಲ

ಹೋದ ಸಲ ಊರಿಗೆ ಬಂದಾಗ ಧಾರವಾಡದ ಒಂದು ಕಾಲೇಜು ಲೈಬ್ರರಿಗೆ ಹೋಗಿದ್ದೆ. ನಮ್ಮ ಭಾಗದ ಜಾತ್ರೆಗಳ ಬಗ್ಗೆ 1934ರಲ್ಲಿ ಅಲ್ಲೇ ಅಚ್ಚಾದ ಒಂದು ಸಣ್ಣ ಪುಸ್ತಕ ಬೇಕಿತ್ತು. ಕೌಂಟರ್‌ನಲ್ಲಿದ್ದವರು ಬೀರು ತೆಗೆದು, ಧೂಳು ಒರೆಸಿ, ಖುಷಿಯಿಂದಲೇ ಕೈಗೆ ಕೊಟ್ಟರು. ಝೆರಾಕ್ಸ್ ಕೇಳಿದ್ದೇ ತಡ, ಮುಖ ಬದಲಾಯಿತು.

"ಕಾಪಿರೈಟ್ ಅದರೀ. ಕೊಡಂಗಿಲ್ಲ."

"ಬರದವ್ರು 1951ರಾಗ ತೀರಿಕೊಂಡಾರ್ರೀ. ಅವಧಿ ಮುಗದದ."

"ಅದೆಲ್ಲಾ ನಮಗ ಗೊತ್ತಿಲ್ರೀ. ನಾಳೆ ಯಾರರ ಬಂದು ಕೇಳಿದ್ರ?"

ಯಾರು ಬರುತ್ತಾರೆ ಸ್ವಾಮಿ? ಲೇಖಕರು ತೀರಿಕೊಂಡ ವರ್ಷದ ಮೇಲೆ 60 ವರ್ಷ, ಅಷ್ಟೇ ನಮ್ಮ ಕಾನೂನು. 2012ರ ಜನವರಿ 1ರಿಂದ ಆ ಪುಸ್ತಕ ಎಲ್ಲರದ್ದು.

ನಾನಿರುವುದು ಓಹಾಯೊದಲ್ಲಿ. ವಾಪಸ್ ಹೋದ ಮೇಲೆ ಸುಮ್ನೆ ಅಲ್ಲಿನ ಯೂನಿವರ್ಸಿಟಿ ಲೈಬ್ರರಿಯಲ್ಲಿ ವಿಚಾರಿಸಿದೆ. ತಮಾಷೆ ಏನೆಂದರೆ, ಅಮೆರಿಕದಲ್ಲಿ ಅದೇ ಪುಸ್ತಕಕ್ಕೆ ಇನ್ನೂ ಬೀಗ! 1996ರ ಜನವರಿ 1ಕ್ಕೆ ಭಾರತದಲ್ಲಿ ಹಕ್ಕು ಉಳಿದಿದ್ದ ಪುಸ್ತಕಗಳಿಗೆ ಅವರೂ ಹಕ್ಕು ಕೊಟ್ಟರು. 1998ರಲ್ಲಿ ಅವಧಿಗೆ ಇನ್ನೂ 20 ವರ್ಷ ಸೇರಿಸಿದರು. ಹಾಗಾಗಿ ಅಚ್ಚಾಗಿ 95 ವರ್ಷ, ಅಂದರೆ 2029 ಮುಗಿಯುವ ತನಕ ಕಾಯಬೇಕು.

ಆದರೆ ಅಲ್ಲಿನ ಲೈಬ್ರರಿಯವರು ಬೀಗ ನೋಡಿ ಕೂರಲಿಲ್ಲ. ಅವಧಿ ಹಿಗ್ಗಿಸಿದ ಆ ಕಾನೂನಿನಲ್ಲೇ ಲೈಬ್ರರಿಗಳಿಗೊಂದು ಕಿಂಡಿ ಇದೆ. ಕೊನೆಯ 20 ವರ್ಷಗಳಲ್ಲಿರುವ ಪುಸ್ತಕ ಅಂಗಡಿಯಲ್ಲಿ ಸಿಗದಿದ್ದರೆ, ಓದಿಗೆ, ಸಂಶೋಧನೆಗೆ ಪ್ರತಿ ಮಾಡಿ ಕೊಡಬಹುದು. ಎಲ್ಲಾದರೂ ಮಾರಾಟಕ್ಕಿದೆಯಾ ಅಂತ ಹುಡುಕಿದರು, ಸಿಗಲಿಲ್ಲ. ಬೇರೆ ಲೈಬ್ರರಿಯಿಂದ ಸ್ಕ್ಯಾನ್ ತರಿಸಿ ಮೇಲ್ ಮಾಡಿದರು. ಧಾರವಾಡದ ಪುಸ್ತಕ ನನಗೆ ಸಿಕ್ಕಿದ್ದು ಹೀಗೆ. ಹೊಟ್ಟೆ ಉರಿಯದೆ ಇರುತ್ತದಾ?

ಆ ದೇಶದ್ದೇ ಹಳೆಯ ಪುಸ್ತಕಗಳ ಕಥೆ ಇನ್ನೂ ಚೆನ್ನಾಗಿದೆ. 1923ರಿಂದ 1963ರವರೆಗೆ ಅಲ್ಲಿ ಅಚ್ಚಾದ ಪುಸ್ತಕದ ಹಕ್ಕನ್ನು 28ನೇ ವರ್ಷಕ್ಕೆ ನವೀಕರಿಸಬೇಕಿತ್ತು. ಮರೆತರೆ ಹಕ್ಕು ಹೋಯಿತು. ಮಿಶಿಗನ್ ಯೂನಿವರ್ಸಿಟಿ ಲೈಬ್ರರಿ 2008ರಿಂದ ಇದನ್ನೇ ಹಿಡಿದು ಕೂತಿತು. ಒಂದೊಂದು ಪುಸ್ತಕವನ್ನೂ ಇಬ್ಬರು ಬೇರೆ ಬೇರೆಯಾಗಿ ರಿಜಿಸ್ಟರ್‌ನಲ್ಲಿ ಹುಡುಕಬೇಕು. ಇಬ್ಬರ ಉತ್ತರ ತಾಳೆಯಾಗದಿದ್ದರೆ ಮೂರನೆಯವರು ನೋಡಬೇಕು. ಬೇಸರದ ಕೆಲಸ. ಆದರೂ ಬೇರೆ ಲೈಬ್ರರಿಗಳವರೂ ಬಂದು ಕೈಜೋಡಿಸಿದರು. ಲೈಬ್ರರಿಗಳೇ ಸೇರಿ ನಡೆಸುವ ಹಾಥಿಟ್ರಸ್ಟ್ ಎಂಬ ಆನ್‌ಲೈನ್ ಪುಸ್ತಕ ಭಂಡಾರದಲ್ಲಿ ಅಂಥ ಎಷ್ಟೋ ಪುಸ್ತಕ ಇವತ್ತು ಪೂರ್ತಿ ಓದಲು ಸಿಗುತ್ತವೆ.

ನಮ್ಮಲ್ಲೂ ಅವಧಿ ಹಿಗ್ಗಿದೆ, ಯಾರೂ ಗಮನಿಸಲಿಲ್ಲ ಅಷ್ಟೇ. ಟಾಗೋರರು ತೀರಿಕೊಂಡು 50 ವರ್ಷವಾಗುತ್ತಾ ಬಂದಾಗ ತರಾತುರಿಯಲ್ಲಿ ಅದನ್ನು 60 ಮಾಡಿದರು. ಆ ಏಟಿಗೆ ನಮ್ಮ ಹಾವೇರಿ ಕಡೆಯ ಗಳಗನಾಥರೂ ಸಿಕ್ಕಿಬಿದ್ದರು. ಅವರು ತೀರಿಕೊಂಡಿದ್ದು 1942ರಲ್ಲಿ. 1993ಕ್ಕೆ ಮುಕ್ತವಾಗಬೇಕಿದ್ದ ಅವರ ಕಾದಂಬರಿಗಳು 2003ರವರೆಗೆ ಕಾದವು. ಬೇಂದ್ರೆ ಅಜ್ಜಾರದ್ದು 2032ಕ್ಕೆ ಆಗಬೇಕಿತ್ತು, ಈಗ 2042. ಅಂಗಡಿಯಲ್ಲಿ ಸಿಗದ ಪುಸ್ತಕದ ಮೂರು ಪ್ರತಿಯವರೆಗೆ ಸಾರ್ವಜನಿಕ ಲೈಬ್ರರಿ ತನಗಾಗಿ ಮಾಡಿಕೊಳ್ಳಲು ನಮ್ಮ ಕಾನೂನೂ ಬಿಡುತ್ತದೆ. ತನ್ನಲ್ಲಿರುವ ಪುಸ್ತಕವನ್ನು ಕಾಪಾಡಲು ಸ್ಕ್ಯಾನ್ ಮಾಡಿಟ್ಟುಕೊಳ್ಳಲು 2012ರ ತಿದ್ದುಪಡಿಯಲ್ಲಿ ಅವಕಾಶ ಬಂತು. ಕೇಳುವವರು ಬೇಕಲ್ವಾ?

ಹಾಂ, ಒಂದು ಮಾತು ಹೇಳಲೇಬೇಕು. ಅಮೆರಿಕದ ಲೈಬ್ರರಿಯವರ ಧೈರ್ಯ ಪೂರ್ತಿ ಅವರದ್ದಲ್ಲ. ನ್ಯಾಯವಾದ ಬಳಕೆ (ಫೇರ್ ಯೂಸ್, ಅಂದರೆ ಅನುಮತಿ ಕೇಳದೆಯೂ ಕಾನೂನು ಒಪ್ಪುವ ಬಳಕೆ) ಅಂತ ಸಕಾರಣವಾಗಿ ನಂಬಿ ಪ್ರತಿ ಮಾಡಿದ್ದರೆ, ಕಾನೂನು ಗೊತ್ತುಮಾಡಿದ ದೊಡ್ಡ ದಂಡದಿಂದ ಅವರಿಗೆ ಅಲ್ಲಿ ಮಾಫಿ ಇದೆ. ಹಿಂದೆ ವಕೀಲರೂ ಇರುತ್ತಾರೆ. ಇಲ್ಲಿ ತಿಳಿದೂ ಹಕ್ಕು ಮುರಿದರೆ 6 ತಿಂಗಳಿಂದ 3 ವರ್ಷ ಜೈಲು ಅಂತ ಬರೆದಿದೆ. ಕೌಂಟರ್‌ನಲ್ಲಿ ಒಬ್ಬರೇ ಕೂತಿರುವ ಮನುಷ್ಯ ಯಾಕೆ ಮೈಮೇಲೆ ಎಳೆದುಕೊಳ್ಳಬೇಕು? ಅದೂ ಅಲ್ಲದೆ, ಆ ಪುಸ್ತಕದ ಹೊಲಿಗೆ ಬಿಚ್ಚಿತ್ತು. ಮಷಿನ್ ಮೇಲೆ ಒತ್ತಿದ್ದರೆ ಹಾಳೆಗಳು ಕೈಗೇ ಬರುತ್ತಿದ್ದವು. ಮತ್ತೆ, "ಕೂತು ಬರಕೋರ್ರೀ, ಎಷ್ಟೊತ್ತರ ಆಗಲಿ" ಅಂತ ಫ್ಯಾನ್ ಹಾಕಿಕೊಟ್ಟು, ಚಹಾ ತರಿಸಿದವರೂ ಅವರೇ. ಓಹಾಯೊದಲ್ಲಿ ಯಾರೂ ಚಹಾ ಕೊಡಲಿಲ್ಲ.

ಆದರೆ ಅವರ ಕೈಗೆ ಪ್ರಿನ್ಸಿಪಾಲರ ಸಹಿಯಿರುವ ಒಂದು ಹಾಳೆ ಕೊಡಲು ಏನು ಕಷ್ಟ? ಲೇಖಕರ ಹೆಸರು, ತೀರಿಕೊಂಡ ವರ್ಷ, ಮುಕ್ತವಾದ ವರ್ಷ, ಇಷ್ಟು ಸಾಕು. ಪ್ರತಿ ಜನವರಿಗೆ ನಾಲ್ಕು ಹೆಸರು ಸೇರಿಸಿದರಾಯಿತು. ಆಲೂರು ವೆಂಕಟರಾಯರು ಬದುಕಿದ್ದಾಗ ಅಚ್ಚಾದ ಪುಸ್ತಕಗಳ ಅವಧಿ 2024ರ ಕೊನೆಗೆ ಮುಗಿದಿದೆ. ಪಟ್ಟಿಯನ್ನು ಅವರ ಹೆಸರಿನಿಂದಲೇ ಶುರು ಮಾಡಬಹುದು.