73ನೇ ಎಸೆತಕ್ಕೆ ವರ್ಗಾವಣೆ ಆದೇಶ

ಒಬ್ಬ ಅಧಿಕಾರಿ ಚೆನ್ನಾಗಿ ಕೆಲಸ ಮಾಡುತ್ತಿದ್ದ ಎಂಬುದು ನಮಗೆ ಖಚಿತವಾಗುವುದು ಅವನ ವರ್ಗಾವಣೆಯ ಸುದ್ದಿ ಓದಿದಾಗ. ಈ ಪದ್ಧತಿಯ ಹಕ್ಕುಸ್ವಾಮ್ಯ ನಮ್ಮ ವಿಧಾನಸೌಧದ್ದೇ ಎಂದು ನಾನು ಬಹುಕಾಲ ಹೆಮ್ಮೆಪಟ್ಟುಕೊಂಡಿದ್ದೆ. 2020ರ ಅಕ್ಟೋಬರ್ 28ರ ಬೆಳಿಗ್ಗೆ ಆ ಹೆಮ್ಮೆಯೂ ಹೋಯಿತು, ಒಲೆಯ ಮೇಲಿಟ್ಟಿದ್ದ ಅರ್ಧ ಲೀಟರ್ ಹಾಲೂ ಹೋಯಿತು.

ಅಮೆರಿಕದಲ್ಲಿ ಆಗಿನ್ನೂ 27ರ ರಾತ್ರಿ. ಟೆಕ್ಸಾಸ್‌ನ ಆರ್ಲಿಂಗ್ಟನ್‌ನಲ್ಲಿ ಬೇಸ್‌ಬಾಲ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯ. ಲಾಸ್ ಏಂಜಲೀಸ್ ಡಾಡ್ಜರ್ಸ್‌ಗೆ ಪ್ರಶಸ್ತಿಗೆ ಇನ್ನೊಂದೇ ಗೆಲುವು ಬೇಕು. ಆದರೆ ಟ್ಯಾಂಪಾ ಬೇ ರೇಸ್ 1–0 ಮುಂದಿದೆ. ರೇಸ್‌ನ ಎಡಗೈ ಪಿಚರ್ ಬ್ಲೇಕ್ ಸ್ನೆಲ್ ಎಸೆಯುತ್ತಿದ್ದರೆ ಡಾಡ್ಜರ್ಸ್‌ನ ಕೋಟ್ಯಧಿಪತಿಗಳು ಗಾಳಿಗೆ ದೊಣ್ಣೆ ಬೀಸಿ ಹಿಂತಿರುಗುತ್ತಿದ್ದರು. ಆರನೇ ಇನಿಂಗ್ಸ್‌ನಲ್ಲಿ ಒಬ್ಬ ಔಟಾಗುವಷ್ಟರಲ್ಲಿ ಒಂಬತ್ತು ಸ್ಟ್ರೈಕ್ ಔಟ್, ಅಂದರೆ ಮೂರು ಅವಕಾಶವನ್ನೂ ಕೈಚೆಲ್ಲಿ ಔಟಾದವರು. ಗುರಿ ತಪ್ಪಿದ ಎಸೆತಗಳಿಂದ ಬ್ಯಾಟರ್‌ಗೆ ಪುಕ್ಕಟೆ ಬೇಸ್ ಕೊಡುವ ವಾಕ್ ಒಂದೂ ಇಲ್ಲ. ಡಾಡ್ಜರ್ಸ್ ಕ್ರಮಾಂಕದ ತಲೆಯಲ್ಲಿದ್ದ ಮೂಕಿ ಬೆಟ್ಸ್, ಕೋರಿ ಸೀಗರ್, ಜಸ್ಟಿನ್ ಟರ್ನರ್ ಮೂವರೂ ಎರಡೆರಡು ಬಾರಿ ಬಂದಿದ್ದರು. ಆರಕ್ಕೆ ಆರೂ ಸ್ಟ್ರೈಕ್ ಔಟ್. ಅಷ್ಟರಲ್ಲಿ ಒಂಬತ್ತನೇ ಕ್ರಮಾಂಕದ ಆಸ್ಟಿನ್ ಬಾರ್ನ್ಸ್ ಒಂದು ಸಾಧಾರಣ ಹಿಟ್ ಹೊಡೆದ. ಅದು ಸ್ನೆಲ್‌ನ 73ನೇ ಎಸೆತ.

ಡಗೌಟ್‌ನಿಂದ ಮ್ಯಾನೇಜರ್ ಕೆವಿನ್ ಕ್ಯಾಶ್ ಸಾಹೇಬರು ಮೆಟ್ಟಿಲು ಹತ್ತಿ ಬಂದರು. ಬೆನ್ನು ತಟ್ಟಿ ಹೋಗಲು ಬಂದಿರಬೇಕು ಎಂದು ನಾನು ಒಲೆಯ ಕಡೆ ತಿರುಗಲಿಲ್ಲ. ಸಾಹೇಬರು ಚೆಂಡಿಗಾಗಿ ಕೈ ಚಾಚಿದರು. ಸ್ನೆಲ್‌ನ ಬಾಯಿಂದ ಹೊರಟ ಪದವನ್ನು ಜಗತ್ತೆಲ್ಲ ತುಟಿ ಓದಿ ತಿಳಿದುಕೊಂಡಿತು. ಮನೆಮಂದಿ ಓದುವ ಅಂಕಣದಲ್ಲಿ ಅದನ್ನು ಅಚ್ಚು ಮಾಡಲಾಗದು. ನನ್ನ ಬಾಯಿಂದ ಹೊರಟದ್ದನ್ನು ಕೇಳಿ ಪಕ್ಕದ ಮನೆಯ ನಿವೃತ್ತ ಶಿರಸ್ತೇದಾರರು ಮಾಸ್ಕ್ ಹಾಕಿಕೊಂಡು ಬಾಗಿಲಿಗೆ ಬಂದರು. ವಿಷಯ ವಿವರಿಸಿದೆ. ಬೇಸ್‌ಬಾಲ್ ಎಂದರೆ ಏನೆಂದು ತಿಳಿಯದ ಅವರು ಒಂದೇ ಪ್ರಶ್ನೆ ಕೇಳಿದರು: "ಪಾಪ, ಯಾರಿಗೆ ಮಾಮೂಲು ಕೊಡಲಿಲ್ಲವಂತೆ?"

ಕ್ರಿಕೆಟ್ ಕಣ್ಣಿನ ಓದುಗರಿಗೆ ಒಂದು ಮಾತು ಹೇಳಬೇಕು. ನಮ್ಮ ಆಟದಲ್ಲಿ ಬೌಲರ್‌ನನ್ನು ನಿಲ್ಲಿಸಿದರೆ ಅವನು ಬೌಂಡರಿ ಗೆರೆಯ ಬಳಿ ನಿಂತು ಬೆವರು ಒರೆಸಿಕೊಂಡು ಇನ್ನೊಂದು ತುದಿಯಿಂದ ಮತ್ತೆ ಬರುತ್ತಾನೆ. ಬೇಸ್‌ಬಾಲ್‌ನಲ್ಲಿ ಆ ದಯೆ ಇಲ್ಲ. ಹೊರಗೆ ಹೋದವನು ಆ ಪಂದ್ಯದ ಮಟ್ಟಿಗೆ ನಿವೃತ್ತ. 1999ರ ಫೆಬ್ರವರಿಯಲ್ಲಿ ಫಿರೋಜ್ ಷಾ ಕೋಟ್ಲಾದಲ್ಲಿ ನಮ್ಮ ಅನಿಲ್ ಕುಂಬ್ಳೆ ಆರು ವಿಕೆಟ್ ಕಿತ್ತ ಹೊತ್ತಿಗೆ ನಾಯಕ ಬಂದು, "ನಿಮ್ಮ ಗೂಗ್ಲಿ ಅವರಿಗೆ ರೂಢಿಯಾಗಿಬಿಟ್ಟಿರುತ್ತದೆ, ಹೋಗಿ ಸ್ನಾನ ಮಾಡಿ" ಎಂದಿದ್ದರೆ ಹೇಗಿರುತ್ತಿತ್ತೋ ಹಾಗೆ.

ಡಗೌಟ್‌ನಲ್ಲಿ ಹೊರಟ ಆದೇಶದ ನಕಲು ನನಗೆ ಸಿಕ್ಕಿಲ್ಲ. ಆದರೂ ಅದರ ಒಕ್ಕಣೆ ಬಹುಶಃ ಹೀಗಿದ್ದಿರಬೇಕು:

"ವಿಷಯ: ಎಡಗೈ ಪಿಚರ್ ಒಬ್ಬರನ್ನು ಆಡಳಿತಾತ್ಮಕ ಕಾರಣಗಳಿಗಾಗಿ ಸ್ಥಳಾಂತರಿಸುವ ಬಗ್ಗೆ. ಪ್ರಸ್ತಾವನೆ: ಸದರಿ ಪಿಚರ್‌ರವರು ಎದುರಿಸಿದ 18 ಬ್ಯಾಟರ್‌ಗಳ ಪೈಕಿ 16 ಮಂದಿಯನ್ನು ಔಟ್ ಮಾಡಿರುವುದು ಗಮನಕ್ಕೆ ಬಂದಿರುತ್ತದೆ. ಸದರಿಯವರು ಇದೇ ರೀತಿ ಮುಂದುವರಿದಲ್ಲಿ ಶ್ರೀ ಬೆಟ್ಸ್‌ರವರನ್ನು ಮೂರನೆಯ ಬಾರಿ ಎದುರಿಸುವ ಸಂಭವವಿದ್ದು, ಹಾಗೆ ಎದುರಿಸುವುದು ಸರಾಸರಿಗೆ ಅನುಗುಣವಾಗಿರುವುದಿಲ್ಲ. ಆದೇಶ: ಸದರಿಯವರನ್ನು ತಕ್ಷಣದಿಂದ ಜಾರಿಗೆ ಬರುವಂತೆ ಬೆಂಚಿಗೆ ವರ್ಗಾಯಿಸಿ, ತೆರವಾದ ಸ್ಥಾನಕ್ಕೆ ಬುಲ್‌ಪೆನ್ ಎಂಬ ಬದಲಿ ಪಿಚರ್‌ಗಳ ಆವರಣದಲ್ಲಿ ಸ್ಥಳನಿರೀಕ್ಷಣೆಯಲ್ಲಿರುವ ಶ್ರೀ ನಿಕ್ ಆಂಡರ್ಸನ್‌ರವರನ್ನು ನಿಯೋಜಿಸಿ ಆದೇಶಿಸಿದೆ. ಪ್ರತಿ: ಶ್ರೀ ಬೆಟ್ಸ್‌ರವರಿಗೆ, ಮಾಹಿತಿಗಾಗಿ ಹಾಗೂ ಸಂತೋಷಪಡುವ ಸಲುವಾಗಿ."

ಶ್ರೀ ಬೆಟ್ಸ್‌ರವರು ಸಂತೋಷಪಟ್ಟರು. ಸ್ನೆಲ್ ಹೋದದ್ದು ತಮಗೆ ಖುಷಿ ತಂದಿತು ಎಂದು ಪಂದ್ಯದ ನಂತರ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಆಂಡರ್ಸನ್‌ಗೆ ಅವರು ಬಾರಿಸಿದ್ದು ಡಬಲ್, ಅಂದರೆ ಎರಡನೇ ಬೇಸ್ ಮುಟ್ಟಿಸುವ ಹೊಡೆತ. ಬೆನ್ನಿಗೇ ಒಂದು ದಾರಿತಪ್ಪಿದ ಎಸೆತ, 1–1. ಸೀಗರ್ ನೆಲಕ್ಕೆ ಹೊಡೆದ ಚೆಂಡನ್ನು ಹಿಡಿದು ಎಸೆಯುವಷ್ಟರಲ್ಲಿ ಬೆಟ್ಸ್ ಮನೆ ಸೇರಿ 2–1. ಎಂಟನೇ ಇನಿಂಗ್ಸ್‌ನಲ್ಲಿ ಅದೇ ಬೆಟ್ಸ್ ನಮ್ಮ ಸಿಕ್ಸರ್‌ನಂಥ ಹೋಮ್ ರನ್ ಹೊಡೆದು 3–1. ಡಾಡ್ಜರ್ಸ್ 1988ರ ನಂತರ ಮೊದಲ ಬಾರಿಗೆ ಚಾಂಪಿಯನ್.

ಆದೇಶದ ಹಿಂದಿನ ಶಾಸ್ತ್ರವನ್ನು ನಾನು ಅಲ್ಲಗಳೆಯುವುದಿಲ್ಲ. ಒಬ್ಬನೇ ಪಿಚರ್‌ನನ್ನು ಮೂರನೇ ಸಲ ನೋಡುವ ಬ್ಯಾಟರ್ ಮೊದಲಿಗಿಂತ ಚೆನ್ನಾಗಿ ಹೊಡೆಯುತ್ತಾನೆ ಎಂಬುದು ಸಾವಿರಾರು ಪಂದ್ಯಗಳ ಲೆಕ್ಕದಿಂದ ಹೊರಬಂದ ಸತ್ಯ. ಸ್ನೆಲ್ ಆ ವರ್ಷ ಒಮ್ಮೆಯೂ ಪೂರ್ತಿ ಆರು ಇನಿಂಗ್ಸ್ ಎಸೆದಿರಲಿಲ್ಲ ಎಂಬುದೂ ನಿಜ. ಬಡ ತಂಡವಾದ ರೇಸ್ ಅಲ್ಲಿಯವರೆಗೆ ಬಂದದ್ದೇ ಲೆಕ್ಕದ ಪುಸ್ತಕ ಹಿಡಿದುಕೊಂಡು. ನನ್ನ ತಕರಾರು ಪುಸ್ತಕದ ನೆನಪಿನ ಬಗ್ಗೆ. ಲೀಗ್ ಹಂತದಲ್ಲಿ ಆಂಡರ್ಸನ್‌ನ ಒಂಬತ್ತು ಇನಿಂಗ್ಸ್‌ಗೆ ಕೊಟ್ಟ ರನ್‌ನ ಸರಾಸರಿ 0.55 ಎಂಬುದು ಅದಕ್ಕೆ ನೆನಪಿತ್ತು. ಪ್ಲೇಆಫ್‌ನಲ್ಲಿ ಅವನು ಹಿಂದಿನ ಆರು ಬಾರಿ ಬಂದಾಗಲೂ ರನ್ ಕೊಟ್ಟಿದ್ದ ಎಂಬುದು ಮರೆತಿತ್ತು. ಇಪ್ಪತ್ತು ವರ್ಷದ ಮಳೆಯ ಸರಾಸರಿ ನೋಡಿ ಛತ್ರಿ ಮನೆಯಲ್ಲಿ ಬಿಟ್ಟವನು ನೆನೆಯುತ್ತ ನಿಂತು, "ಲೆಕ್ಕದ ಪ್ರಕಾರ ನಾನು ಒದ್ದೆಯಾಗಿಲ್ಲ" ಎಂದರೆ ಏನು ಹೇಳುವುದು?

ಮುಂದಿನ ತಿಂಗಳು ಕ್ಯಾಶ್ ಸಾಹೇಬರಿಗೆ ಅಮೆರಿಕನ್ ಲೀಗ್‌ನ ವರ್ಷದ ಮ್ಯಾನೇಜರ್ ಪ್ರಶಸ್ತಿ ಬಂತು. ಮತದಾನ ಪ್ಲೇಆಫ್‌ಗೆ ಮುಂಚೆಯೇ ಮುಗಿದಿರುತ್ತದೆ. ಎಂಥ ದೂರದೃಷ್ಟಿಯ ನಿಯಮ!

ತೆಗೆಯದೆ ಬಿಟ್ಟವರ ಗತಿಯಾದರೂ ಏನಾಯಿತು? 2003ರ ಅಕ್ಟೋಬರ್ 16, ನ್ಯೂಯಾರ್ಕ್. ಯಾಂಕೀಸ್ ವಿರುದ್ಧ ಲೀಗ್ ಫೈನಲ್‌ನ ಏಳನೇ ಪಂದ್ಯದ ಎಂಟನೇ ಇನಿಂಗ್ಸ್‌ನಲ್ಲಿ ಬೋಸ್ಟನ್ ರೆಡ್ ಸಾಕ್ಸ್ 5–2 ಮುಂದಿತ್ತು. ದಣಿದಿದ್ದ ಪೆಡ್ರೊ ಮಾರ್ಟಿನೆಜ್ ಬಳಿಗೆ ಮ್ಯಾನೇಜರ್ ಗ್ರೇಡಿ ಲಿಟಲ್ ಹೋಗಿ, ಇನ್ನೂ ಎಸೆಯಬಲ್ಲೆಯಾ ಎಂದು ಕೇಳಿದರು. ಎಸೆಯಬಲ್ಲೆ ಎಂದ. ನಂಬಿ ವಾಪಸು ಬಂದರು. ಸ್ಕೋರು 5–5 ಆಯಿತು, ಒಂಬತ್ತು ಇನಿಂಗ್ಸ್‌ನಲ್ಲಿ ತೀರದೆ ಆಟ ಮುಂದುವರಿಯಿತು, 11ನೇ ಇನಿಂಗ್ಸ್‌ನಲ್ಲಿ ಏರನ್ ಬೂನ್ ಎಂಬ ಯಾಂಕೀ ಹೋಮ್ ರನ್ ಹೊಡೆದು ಪಂದ್ಯ ಮುಗಿಸಿದ, ಲಿಟಲ್‌ರ ಗುತ್ತಿಗೆ ನವೀಕರಣವಾಗಲಿಲ್ಲ. ಮನುಷ್ಯನ ಮಾತು ನಂಬಿದವನು ಕೆಲಸ ಕಳೆದುಕೊಂಡ; ಪುಸ್ತಕ ನಂಬಿದವನು ಪ್ರಶಸ್ತಿ ಪಡೆದ. ಇದನ್ನು ಕಂಡ ಯಾವ ಮ್ಯಾನೇಜರ್ ತಾನೇ ಇನ್ನು ಪಿಚರ್‌ನ ಮುಖ ನೋಡಿಯಾನು?

ಆ ಏರನ್ ಬೂನ್ ಮುಂದೆ ಯಾಂಕೀಸ್‌ಗೇ ಮ್ಯಾನೇಜರ್ ಆದರು. 2024ರ ಅಕ್ಟೋಬರ್ 25, ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯ, ಹತ್ತನೇ ಇನಿಂಗ್ಸ್, ಯಾಂಕೀಸ್ 3–2 ಮುಂದೆ. ಬುಲ್‌ಪೆನ್‌ನಲ್ಲಿ ಇಡೀ ತಿಂಗಳು ದುಡಿದಿದ್ದ ಟಿಮ್ ಹಿಲ್ ತಯಾರಾಗಿ ನಿಂತಿದ್ದರೂ, ಮೊಣಕೈ ನೋವಿನಿಂದ ಸೆಪ್ಟೆಂಬರ್ 18ರಿಂದೀಚೆಗೆ ಪಂದ್ಯದಲ್ಲಿ ಒಂದು ಚೆಂಡನ್ನೂ ಎಸೆಯದಿದ್ದ ನೆಸ್ಟರ್ ಕೋರ್ಟೆಸ್‌ಗೆ ಕರೆ ಹೋಯಿತು. ಅವನು ಎಸೆದದ್ದು ಎರಡೇ ಚೆಂಡು. ಮೊದಲನೆಯದಕ್ಕೆ ಡಾಡ್ಜರ್ಸ್‌ನ ಓಹ್ತಾನಿ ಔಟ್. ಬೆಟ್ಸ್‌ಗೆ ಬೇಕೆಂದೇ ವಾಕ್ ಕೊಟ್ಟರು. ಎರಡನೆಯದನ್ನು ಫ್ರೆಡ್ಡಿ ಫ್ರೀಮನ್ ಗ್ಯಾಲರಿಗೆ ಕಳಿಸಿದ. ವರ್ಲ್ಡ್ ಸೀರೀಸ್ ಇತಿಹಾಸದಲ್ಲಿ ಗ್ರ್ಯಾಂಡ್ ಸ್ಲಾಮ್‌ನಿಂದ, ಅಂದರೆ ಮೂರೂ ಬೇಸ್ ತುಂಬಿದ್ದಾಗ ಬಂದ ಹೋಮ್ ರನ್‌ನಿಂದ, ಪಂದ್ಯ ಮುಗಿದದ್ದು ಅದೇ ಮೊದಲು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಬೂನ್ ಉಂಡದ್ದು ಇಪ್ಪತ್ತೊಂದು ವರ್ಷದ ಬಾಕಿ.

ಕರೆಯಬಾರದವನನ್ನು ಕರೆಯುವುದು ಒಂದು ಕಲೆ. ಕರೆಯಬೇಕಾದವನನ್ನು ಕರೆಯದಿರುವುದು ಮಹಾಕಲೆ. ಅದರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್‌ನ ಬಕ್ ಶೋವಾಲ್ಟರ್ ಅವರನ್ನು ಮೀರಿಸಿದವರಿಲ್ಲ. 2016ರಲ್ಲಿ ಅವರ ಬಳಿ ಝ್ಯಾಕ್ ಬ್ರಿಟನ್ ಇದ್ದ. 47 ಬಾರಿ ಗೆಲುವು ಕಾಯಲು ಕಳಿಸಿದರೆ 47 ಬಾರಿಯೂ ಕಾದುಕೊಟ್ಟವನು, ಸರಾಸರಿ 0.54. ಟೊರಾಂಟೊದಲ್ಲಿ ಸೋತವರು ಮನೆಗೆ ಹೋಗುವ ಒಂದೇ ಪಂದ್ಯ, ಹನ್ನೊಂದನೇ ಇನಿಂಗ್ಸ್‌ವರೆಗೆ ಸಮ. ಒಬ್ಬರಾದ ಮೇಲೆ ಒಬ್ಬ ಪಿಚರ್ ಬಂದರು, ಬ್ರಿಟನ್ ಬರಲಿಲ್ಲ. ನಾವು ಮುಂದಾದ ಮೇಲೆ ಆ ಮುನ್ನಡೆ ಕಾಯಲು ಅವನು ಬೇಕಾಗುತ್ತಾನೆ ಎಂಬುದು ಸಾಹೇಬರ ಲೆಕ್ಕ. ಅಜ್ಜಿಯ ಪೆಟ್ಟಿಗೆಯ ರೇಷ್ಮೆ ಸೀರೆಯಂತೆ ಅವನನ್ನು ನುಸಿಗುಳಿಗೆ ಹಾಕಿ ಮಡಿಸಿಟ್ಟಿದ್ದರು. ಉಬಾಲ್ಡೊ ಜಿಮೆನೆಜ್ ಎಸೆದ ಚೆಂಡನ್ನು ಎಡ್ವಿನ್ ಎನ್ಕಾರ್ನಾಸಿಯಾನ್ ಮೇಲಕ್ಕೆತ್ತಿದ, ಮೂರು ರನ್, 5–2. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಬಾಲ್ಟಿಮೋರ್‌ನವರು ಕೋಟೆ ಸೂರೆಯಾದ ಮೇಲೂ ದಿಡ್ಡಿ ಬಾಗಿಲನ್ನು ಜೋಪಾನವಾಗಿ ಬಂಡಿಯಲ್ಲಿ ಹೇರಿಕೊಂಡು ಊರಿಗೆ ಹೋದರು.

ಬುದ್ಧಿವಂತಿಕೆ ಅತಿಯಾದರೆ ಏನಾಗುತ್ತದೆ ಎಂಬುದಕ್ಕೆ ಮಿಲ್ವಾಕಿ ಬ್ರೂವರ್ಸ್ ಇದ್ದಾರೆ. 2018ರ ಲೀಗ್ ಫೈನಲ್‌ನ ಐದನೇ ಪಂದ್ಯಕ್ಕೆ ಎಡಗೈ ಪಿಚರ್ ವೇಡ್ ಮೈಲಿಯ ಹೆಸರು ಕೊಟ್ಟರು. ಎದುರಾಳಿ ಎಡಗೈ ಎಸೆತಕ್ಕೆ ತಕ್ಕ ಬ್ಯಾಟರ್‌ಗಳನ್ನು ಆಯ್ದು ಲೈನ್‌ಅಪ್ ಬರೆದುಕೊಂಡಿತು. ಯಕ್ಷಗಾನದ ಆರಂಭದಲ್ಲಿ ಕೋಡಂಗಿ ಬಂದು ಕುಣಿದು ಒಳಹೋಗುವಂತೆ ಮೈಲಿ ಒಬ್ಬನೇ ಬ್ಯಾಟರ್‌ಗೆ ಎಸೆದು, ಅವನಿಗೂ ವಾಕ್ ಕೊಟ್ಟು ಹೋದ, ಬಲಗೈಯವನು ಬಂದ. ಇಷ್ಟೆಲ್ಲ ವೇಷ ಕಟ್ಟಿ ಪಂದ್ಯ ಸೋತರು.

2023ರಲ್ಲಿ ಟೊರಾಂಟೊದವರೂ ಅದೇ ಹಾದಿ ಹಿಡಿದರು. ಮಿನೆಸೋಟ ಟ್ವಿನ್ಸ್ ವಿರುದ್ಧ ಉಳಿವಿನ ಪಂದ್ಯ. ಹೊಸೆ ಬೆರಿಯೋಸ್ ಮೂರು ಇನಿಂಗ್ಸ್ ಸೊಗಸಾಗಿ ಎಸೆದಿದ್ದ, ಐದು ಸ್ಟ್ರೈಕ್ ಔಟ್, ರನ್ ಇಲ್ಲ. ನಾಲ್ಕನೆಯದರಲ್ಲಿ ಒಂದು ವಾಕ್ ಕೊಟ್ಟದ್ದೇ ತಡ, 47 ಎಸೆತಕ್ಕೆ ಅವನ ಕೆಲಸ ಮುಗಿಯಿತು. ಎದುರಾಳಿಯ ಎಡಗೈ ಬ್ಯಾಟರ್‌ಗಳ ಕ್ರಮಾಂಕವನ್ನು ಕಲಕಬೇಕು ಎಂದು ಎಡಗೈಯ ಯೂಸೆಯಿ ಕಿಕುಚಿಯನ್ನು ತಂದರು. ಎರಡು ರನ್ ಹೋಯಿತು, ಪಂದ್ಯವೂ 2–0ರಲ್ಲಿ ಹೋಯಿತು. ನಂತರ ಶುರುವಾಯಿತು ನೋಡಿ ನಿಜವಾದ ಆಟ: ಆದೇಶಕ್ಕೆ ಸಹಿ ಯಾರದು? ಅದು ಮ್ಯಾನೇಜರ್ ಜಾನ್ ಶ್ನೈಡರ್ ಅವರದೇ ತೀರ್ಮಾನ ಎಂದು ಮೇಲಿನ ಅಧಿಕಾರಿ ರಾಸ್ ಆಟ್ಕಿನ್ಸ್ ಪತ್ರಿಕಾಗೋಷ್ಠಿ ಕರೆದು ತಿಳಿಸಿದರು. ಕಡತದ ಕೆಳಗೆ ಸಹಿ ಹಾಕಿದವನೇ ಹೊಣೆ, ಮೇಲೆ ಟಿಪ್ಪಣಿ ಬರೆದವರು ಪ್ರವಾಸದಲ್ಲಿದ್ದರು. ನಮ್ಮ ಶಿರಸ್ತೇದಾರರಿಗೆ ಈ ಕಥೆ ಹೇಳಿದಾಗ ಅವರಿಗೆ ಬೇಸ್‌ಬಾಲ್ ಪೂರ್ತಿ ಅರ್ಥವಾಯಿತು.

ಇಷ್ಟಾಗಿ ಸೊನ್ನೆ ರನ್ ಹೊಡೆದ ತಂಡವನ್ನು ಯಾವ ಪಿಚರ್ ಗೆಲ್ಲಿಸಿಕೊಟ್ಟಾನು ಎಂಬ ಪ್ರಶ್ನೆಯನ್ನು ಮಾತ್ರ ನಾವು ಅಭಿಮಾನಿಗಳು ಕೇಳುವುದಿಲ್ಲ. ಬ್ಯಾಟರ್‌ಗಳು ಒಂಬತ್ತು ಜನ, ಬೈಯಲು ಕಷ್ಟ, ಮ್ಯಾನೇಜರ್ ಒಬ್ಬನೇ. ಅಡುಗೆಮನೆಯಿಂದ ಮ್ಯಾನೇಜರ್ ಆಗಿರುವ ನನ್ನ ದಾಖಲೆಯಂತೂ ನಿಷ್ಕಳಂಕ: ಇಷ್ಟು ವರ್ಷದಲ್ಲಿ ನಾನು ಒಂದು ಪಂದ್ಯವನ್ನೂ ಸೋತಿಲ್ಲ, ಏಕೆಂದರೆ ಫಲಿತಾಂಶ ನೋಡಿದ ಮೇಲೆಯೇ ತೀರ್ಮಾನ ತೆಗೆದುಕೊಳ್ಳುತ್ತೇನೆ. ಈ ವೃತ್ತಿಯಲ್ಲಿ ನಾನು ಒಂಟಿಯೂ ಅಲ್ಲ. 2018ರ ವರ್ಲ್ಡ್ ಸೀರೀಸ್‌ನ ನಾಲ್ಕನೇ ಪಂದ್ಯದಲ್ಲಿ ಡಾಡ್ಜರ್ಸ್ ಮ್ಯಾನೇಜರ್ ಡೇವ್ ರಾಬರ್ಟ್ಸ್, ಒಂದೇ ಹಿಟ್ ಕೊಟ್ಟು 4–0 ಮುನ್ನಡೆಯಲ್ಲಿದ್ದ ರಿಚ್ ಹಿಲ್‌ನನ್ನು ಏಳನೇ ಇನಿಂಗ್ಸ್‌ನಲ್ಲಿ ತೆಗೆದರು, 9–6ರಲ್ಲಿ ಸೋತರು. ಪಂದ್ಯ ಮುಗಿಯುವ ಮೊದಲೇ ಆ ತೀರ್ಮಾನವನ್ನು ಟೀಕಿಸಿ ಟ್ವೀಟ್ ಮಾಡಿದವರು ಡೊನಾಲ್ಡ್ ಟ್ರಂಪ್. ಅಣ್ವಸ್ತ್ರದ ಗುಂಡಿ ಕೈಯಲ್ಲಿದ್ದರೂ ಮನುಷ್ಯನಿಗೆ ಬೇಕಾಗಿರುವುದು ಬುಲ್‌ಪೆನ್‌ನ ಫೋನು.

ಆ ರಾಬರ್ಟ್ಸ್ ಸಾಹೇಬರು 2025ರ ನವೆಂಬರ್ 1ರಂದು, ಟೊರಾಂಟೊದಲ್ಲಿ, ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯಕ್ಕೆ ಬರೆದ ಲೈನ್‌ಅಪ್ ನೋಡಿ ನಾನು ಬೆಂಗಳೂರಿನ ಭಾನುವಾರದ ಬೆಳಕು ಹರಿಯುವ ಮುಂಚೆಯೇ ತಲೆ ಚಚ್ಚಿಕೊಂಡೆ. ಸರಣಿಯ ಬಹುಭಾಗ ಬೆಂಚು ಕಾಯಿಸಿದ್ದ 36 ವರ್ಷದ ಮಿಗೆಲ್ ರೋಹಾಸ್ ಒಂಬತ್ತನೇ ಕ್ರಮಾಂಕದಲ್ಲಿದ್ದ. ಒಂಬತ್ತನೇ ಇನಿಂಗ್ಸ್‌ನಲ್ಲಿ, ಇನ್ನೆರಡು ಔಟ್ ಆದರೆ ಟೊರಾಂಟೊ ಚಾಂಪಿಯನ್ ಎನ್ನುವಾಗ, ಅವನೇ ಹೋಮ್ ರನ್ ಹೊಡೆದು 4–4 ಮಾಡಿದ. ಲೈನ್‌ಅಪ್ ಬಗ್ಗೆ ನನಗೆ ಮೊದಲಿನಿಂದಲೂ ಸದಭಿಪ್ರಾಯವಿತ್ತು.

ಇನಿಂಗ್ಸ್‌ನ ಕೆಳಾರ್ಧ. ಇಬ್ಬರು ಓಟಗಾರರು ಬೇಸ್ ಮೇಲೆ, ಒಬ್ಬ ಔಟ್. ಒಂದು ರನ್ ಹೋದರೆ ಎಲ್ಲ ಮುಗಿಯಿತು. ಡಾಡ್ಜರ್ಸ್ ಪರ ಎಸೆಯುತ್ತಿದ್ದವನು ಎಡಗೈಯವನು, ಮುಖ ಪರಿಚಿತ. ರಾಬರ್ಟ್ಸ್ ಮೆಟ್ಟಿಲು ಹತ್ತಿದರು. ಒಳಗೆ ಬರಲಿದ್ದವನು ಯೋಶಿನೊಬು ಯಮಮೊಟೊ. ಹಿಂದಿನ ರಾತ್ರಿಯಷ್ಟೇ 96 ಚೆಂಡು ಎಸೆದು ಬಂದಿದ್ದ. ಯಾವ ಪುಸ್ತಕದ ಯಾವ ಪುಟದಲ್ಲೂ ಇಂಥ ಆದೇಶಕ್ಕೆ ಅವಕಾಶವಿಲ್ಲ. ಅವನು ಮತ್ತೆ 34 ಚೆಂಡು ಎಸೆದ, ಹನ್ನೊಂದನೇ ಇನಿಂಗ್ಸ್‌ನಲ್ಲಿ ಡಾಡ್ಜರ್ಸ್ 5–4ರಿಂದ ಗೆದ್ದಿತು. ಮಾರನೆಯ ದಿನ ರಾಬರ್ಟ್ಸ್ ಮಹಾಮೇಧಾವಿ. ರಿಚ್ ಹಿಲ್‌ನ ಹೆಸರು ಎತ್ತಿದವರಿಲ್ಲ.

ಚೆಂಡು ಒಪ್ಪಿಸಿ ಹೊರನಡೆದ ಆ ಎಡಗೈಯವನು ಬ್ಲೇಕ್ ಸ್ನೆಲ್. ಐದು ವರ್ಷದಲ್ಲಿ ತಂಡ ಬದಲಾಗಿತ್ತು, ಮ್ಯಾನೇಜರ್ ಬದಲಾಗಿದ್ದರು, ಕೈ ಚಾಚಿದ ಭಂಗಿ ಮಾತ್ರ ಹಾಗೆಯೇ ಇತ್ತು. ಈ ಸಲ ನಾನು ಜಾಣನಾಗಿ ಒಲೆ ಆರಿಸಿ ನಿಂತಿದ್ದೆ. ಪತ್ರಿಕೆ ಕೇಳಲು ಬಂದ ಶಿರಸ್ತೇದಾರರು ಪರದೆಯತ್ತ ಬಗ್ಗಿ ನೋಡಿದರು.

"ಇವನು ಅವನೇ ಅಲ್ಲವೇ? ಮತ್ತೆ ವರ್ಗ ಮಾಡಿದರೇ?"

ಹೌದು ಎಂದೆ.

"ಈ ಸಲವಾದರೂ ಬಡ್ತಿಯ ಮೇಲೋ?"